ಬುತ್ತಿಯ ಭಾರ ಒಗ್ಗರಣೆಯಲ್ಲಿ
ದಿನವಿಡೀ ದುಡಿಯುವವರು ಡಬ್ಬಿಯ ಕ್ಯಾಲೊರಿ ಇಳಿಸಲು ಮೊದಲು ಕೈಹಾಕುವುದು ಅನ್ನಕ್ಕೆ. ತಗ್ಗಿಸಬೇಕಾದದ್ದು ಒಗ್ಗರಣೆಯ ಎಣ್ಣೆಯನ್ನು. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಎಣ್ಣೆಯಲ್ಲಿ 9. ಚಿತ್ರಾನ್ನಕ್ಕೆ ಸುರಿದ ಒಂದು ದೊಡ್ಡ ಚಮಚ ಎಣ್ಣೆಯೇ ಸುಮಾರು 120. ಅನ್ನವನ್ನು ತೀರಾ ಕಡಿತಗೊಳಿಸಿದರೆ ಸಂಜೆ ನಾಲ್ಕಕ್ಕೆ ಹಸಿವು ಬೋಂಡದಂಗಡಿಗೆ ಎಳೆದೊಯ್ಯುತ್ತದೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಅದಕ್ಕೆ ಹೆಸರುಕಾಳಿನ ಉಸಲಿ ಜೊತೆಗಿರಲಿ: 50 ಗ್ರಾಂ ಒಣಕಾಳಿನಲ್ಲಿ ಸುಮಾರು 12 ಗ್ರಾಂ ಪ್ರೋಟೀನು, ಮೇಲೆ ನಾರು, ಹೊಟ್ಟೆ ಬಹಳ ಹೊತ್ತು ತಡೆಯುತ್ತದೆ. ಕೋಸಂಬರಿ ಇನ್ನೂ ಹಗುರ, ನಿಜ, ಆದರೆ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ನೀರೊಡೆದು ಹಳಸೀತು. ಎಣ್ಣೆಯಿಲ್ಲದೆ ರುಚಿಯೆಲ್ಲಿ ಎನ್ನುವವರುಂಟು. ಸಾಸಿವೆ, ಇಂಗು, ಕರಿಬೇವಿಗೆ ಒಂದು ಚಿಕ್ಕ ಚಮಚ ಎಣ್ಣೆ ಧಾರಾಳ. ಉಳಿದದ್ದನ್ನು ನಿಂಬೆರಸ, ಹಸಿಶುಂಠಿ ನೋಡಿಕೊಳ್ಳುತ್ತವೆ. ಬೆಳಿಗ್ಗೆ ಪುರಸೊತ್ತಿಲ್ಲವೆಂಬ ಮಾತೂ ನಿಲ್ಲದು: ರಾತ್ರಿ ನೆನೆಸಿಟ್ಟ ಕಾಳು ಕುಕ್ಕರಿನಲ್ಲಿ ಒಂದೇ ಕೂಗಿಗೆ ಬೇಯುತ್ತದೆ.