ಅಡಿಕೆಯ ಊರು ಯಾವುದು?

ನಮ್ಮಲ್ಲಿ ಅಡಿಕೆ ಬೆಳೆಯುವವರಿದ್ದಾರೆ, ವ್ಯಾಪಾರ ಮಾಡುವವರೂ ಇದ್ದಾರೆ. ಆದರೆ ಹೊರದೇಶದ ಮಾಲಿಗೆ ಬೇಕಾದ ‘ಮೂಲ ದೇಶದ ಸರ್ಟಿಫಿಕೇಟ್’ ಬಗ್ಗೆ ಕೇಳಿದರೆ, ‘ಅದೆಲ್ಲ ಏಜೆಂಟ್ ನೋಡಿಕೊಳ್ತಾನೆ’ ಅಂತಾರೆ. ಆ ಒಂದು ಹಾಳೆ ಸಣ್ಣದಲ್ಲ. ಹೊರಗಿನ ಅಡಿಕೆಗೆ ಶೇ. 100 ಸುಂಕ, ಶ್ರೀಲಂಕಾದಲ್ಲೇ ಬೆಳೆದದ್ದಾದರೆ ಒಪ್ಪಂದದಂತೆ ರಿಯಾಯಿತಿ. ಈ ಆಸೆಗೇ ಇಂಡೋನೇಷ್ಯಾದ ಅಡಿಕೆಯನ್ನು ಶ್ರೀಲಂಕಾದ್ದೆಂದು ಸುಳ್ಳು ಕಾಗದ ಮಾಡಿ ತಂದ ಪ್ರಕರಣಗಳು ತನಿಖೆಯಾಗಿವೆ. ಹಡಗು ಬದಲಾದ ಮಾತ್ರಕ್ಕೆ ಅಡಿಕೆಯ ಊರು ಬದಲಾಗ್ತದಾ? ಪೆಟ್ಟು ಬೀಳುವುದು ಪುತ್ತೂರು, ಸುಳ್ಯದ ತೋಟದವರಿಗೆ.

2020ರ ಸೆಪ್ಟೆಂಬರ್‌ನಿಂದ ಬರೀ ಸರ್ಟಿಫಿಕೇಟ್ ತೋರಿಸಿದರೆ ಸಾಲದು. ಮಾಲು ಅಲ್ಲಿಯದೇ ಎಂಬ ಮಾಹಿತಿ ತರಿಸುವವನ ಕೈಯಲ್ಲೇ ಇರಬೇಕು, ಐದು ವರ್ಷ ಜೋಪಾನ ಮಾಡಬೇಕು. ಕಿರಿಕಿರಿ ಅಂತ ಕೆಲವರು ಗೊಣಗ್ತಾರೆ. ನನಗೆ ಇದೇ ಸರಿ ಅನ್ನಿಸ್ತದೆ. ತೂಕದ ಮೋಸಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸಹಿ ಹಾಕುವ ಮೊದಲು ಏಜೆಂಟನ ಹತ್ತಿರ ಒಮ್ಮೆ ಕೇಳಿ: ಇದು ಯಾವ ಊರಿನ ತೋಟದ್ದು?