ಅಗ್ಗದ ವಿಮೆಯನ್ನು ಅರಸುವ ತಂದೆತಾಯಿಗಳಿಗೆ

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಬರುವ ದೂರವಾಣಿ ಕರೆಗಳ ಸ್ವರೂಪವೇ ಬದಲಾಗಿದೆ. ಹಿಂದೆ ತಮ್ಮ ಉದ್ಯೋಗ, ಮದುವೆ, ಗೃಹಪ್ರವೇಶಗಳ ಸುದ್ದಿ ತಿಳಿಸುತ್ತಿದ್ದವರು ಈಗ ಮಕ್ಕಳ ಸುದ್ದಿ ತಿಳಿಸುತ್ತಾರೆ. ಮಗನ ಪಿಯುಸಿ ಮುಗಿಯಿತಂತೆ, ಮಗಳಿಗೆ ಸೀಟು ಸಿಕ್ಕಿತಂತೆ, ಇನ್ನು ಕಾರು ಕಲಿಯಬೇಕಂತೆ. ಅದರ ಬೆನ್ನಿಗೇ ಒಂದು ಪ್ರಶ್ನೆ: "ಸಾರ್, ಹುಡುಗ ಓಡಿಸುವುದಾದರೆ ವಿಮೆ ದುಬಾರಿಯಾಗುತ್ತದೆಯೆ? ಕಡಿಮೆಯಲ್ಲಿ ಮುಗಿಸುವ ದಾರಿ ಯಾವುದು?" ಗಣಿತ ಕಲಿಸಿದವನನ್ನು ಲೆಕ್ಕ ಕೇಳುವುದು ಸಹಜವೇ. ದುಬಾರಿಯಾಗುವುದಿಲ್ಲ ಎಂಬುದು ಒಂದು ಮಾತಿನ ಉತ್ತರ. ಆದರೆ ಈ ಪ್ರಶ್ನೆಯನ್ನು ಕೇಳುವವರು ಉಳಿತಾಯಕ್ಕೆ ಆರಿಸಿಕೊಂಡಿರುವ ಜಾಗದ ಬಗ್ಗೆ ನನಗೆ ತಕರಾರಿದೆ. ಅದನ್ನು ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿಯೇ ಬರೆದುಬಿಡುವುದು ಒಳ್ಳೆಯದೆನಿಸಿತು.

ನಮ್ಮ ದೇಶದಲ್ಲಿ ಖಾಸಗಿ ಕಾರಿನ ಮೂರನೆಯ ವ್ಯಕ್ತಿಯ ವಿಮೆಗೆ, ಅಂದರೆ ನಮ್ಮ ವಾಹನದಿಂದ ಪರರಿಗೆ ಆಗುವ ಹಾನಿಯ ವಿಮೆಗೆ, ದರವನ್ನು ಗೊತ್ತುಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿ.ಸಿ. ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ.ವರೆಗಿನದಕ್ಕೆ 3,416, ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897. ಇದರ ಮೇಲೆ ಶೇಕಡ 18 ಜಿಎಸ್‌ಟಿ. ಮಧ್ಯಮ ಗಾತ್ರದ ಕಾರಿಗೆ ದಿನವೊಂದಕ್ಕೆ ಹನ್ನೊಂದು ರೂಪಾಯಿ ಬೀಳುತ್ತದೆ. ಯಾವ ಕಂಪನಿಗೆ ಹೋದರೂ ಇದೇ ದರ, ಚೌಕಾಶಿಗೆ ಎಡೆಯಿಲ್ಲ. ನಮ್ಮ ಸ್ವಂತ ಕಾರಿನ ಹಾನಿಗೆ ಪಡೆಯುವ ವಿಮೆಯಲ್ಲಿ ಮಾತ್ರ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವುಂಟು. ಅಲ್ಲಿಯೂ ಸಾಮಾನ್ಯವಾಗಿ ನೋಡುವುದು ಕಾರಿನ ಬೆಲೆ, ಕಾರಿನ ವಯಸ್ಸು, ನೋಂದಣಿಯಾದ ಊರು ಮತ್ತು ಹಿಂದಿನ ವರ್ಷಗಳಲ್ಲಿ ಪರಿಹಾರ ಕೇಳಿದ್ದೀರೋ ಇಲ್ಲವೋ ಎಂಬುದನ್ನು. ಕಾರಿನ ವಯಸ್ಸು ಕೇಳುತ್ತಾರೆಯೇ ಹೊರತು ಓಡಿಸುವವನ ವಯಸ್ಸನ್ನು ಕೇಳುವವರು ವಿರಳ.

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಹದಿನೇಳು ತುಂಬಿದವನು ತಾತ್ಕಾಲಿಕ ಪರವಾನಗಿಯ ಮೇಲೆ ಕಾರು ಕಲಿಯಬಹುದು. ಪಕ್ಕದಲ್ಲಿ ಕೂರುವವರಿಗೆ ಕನಿಷ್ಠ ಇಪ್ಪತ್ತೊಂದು ವರ್ಷವಾಗಿರಬೇಕು, ಪೂರ್ಣ ಪರವಾನಗಿ ಪಡೆದು ಮೂರು ವರ್ಷ ಕಳೆದಿರಬೇಕು. ಕಲಿಯುವವನ ಹೆಸರು ವಿಮೆಯಲ್ಲಿ ಇರಲೇಬೇಕು, ವಯಸ್ಸು ಹದಿಹರೆಯದ್ದಾದರೆ ಕಂತು ತಂದೆತಾಯಿಗಳ ಹುಬ್ಬೇರಿಸುವಷ್ಟಾಗುತ್ತದೆ. ಕಡಿಮೆ ಮಾಡಿಸಲೆಂದು ಮಗ ಓಡಿಸುವ ಕಾರನ್ನು ಮುಖ್ಯವಾಗಿ ತಾನೇ ಓಡಿಸುವುದಾಗಿ ತಂದೆ ಬರೆದುಕೊಟ್ಟರೆ ಅದು ವಂಚನೆಯೆನಿಸುತ್ತದೆ. ಆ ವ್ಯವಸ್ಥೆಯ ಬಗ್ಗೆ ದೂರುವವರ ದೂರು ನ್ಯಾಯವಾದದ್ದೇ ಇರಬಹುದು. ಆದರೆ ಅಲ್ಲಿಯ ತಂದೆ ಕೀಲಿ ಕೊಡುವ ಮೊದಲು ಒಮ್ಮೆಯಾದರೂ ಯೋಚಿಸುತ್ತಾನೆ, ಏಕೆಂದರೆ ಆ ಹುಡುಗ ಎಷ್ಟು ಅಪಾಯಕಾರಿ ಎಂಬುದನ್ನು ಒಂದು ಅಂಕಿಯಾಗಿ ಬರೆದು ಅವನ ಕೈಗೆ ಕೊಟ್ಟಿರುತ್ತಾರೆ. ನಮ್ಮಲ್ಲಿ ಯಾರೂ ಕೇಳದಿರುವುದರಿಂದ ನಾವು ಕೇಳಿಕೊಳ್ಳುವುದನ್ನೂ ಬಿಟ್ಟಿದ್ದೇವೆ.

ನಿಮ್ಮ ಪಾಲಿಸಿಯ ಕಾಗದವನ್ನು ಒಮ್ಮೆ ತೆರೆದು ನೋಡಿ. ಚಾಲಕರ ಕುರಿತಾದ ಷರತ್ತು ಅಲ್ಲಿ ಮುದ್ರಿತವಾಗಿರುತ್ತದೆ: ಅಪಘಾತದ ವೇಳೆಯಲ್ಲಿ ಸಿಂಧುವಾದ ಪರವಾನಗಿಯುಳ್ಳ ಯಾರು ಬೇಕಾದರೂ ಓಡಿಸಬಹುದು, ಕಲಿಕಾ ಪರವಾನಗಿಯುಳ್ಳವನೂ ಓಡಿಸಬಹುದು, ಆದರೆ ಅವನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೂರನೆಯ ನಿಯಮವನ್ನು ಪಾಲಿಸುತ್ತಿರಬೇಕು. ಆ ನಿಯಮ ಕೇಳುವುದು ಹೆಚ್ಚೇನಲ್ಲ. ವಾಹನದ ಮುಂದೆ ಹಿಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರವಿರಬೇಕು, ಪರವಾನಗಿಯುಳ್ಳ ಬೋಧಕನೊಬ್ಬ ವಾಹನವನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಕುಳಿತಿರಬೇಕು. (ಹಳೆಯ ಕಾರುಗಳಲ್ಲಿ ನಡುವೆ ಕೈ ಬ್ರೇಕು ಇರುತ್ತಿತ್ತು, ಪಕ್ಕದಲ್ಲಿ ಕುಳಿತ ತಂದೆಗೆ ಅದೊಂದು ಧೈರ್ಯ. ಈಗಿನ ಕೆಲವು ಕಾರುಗಳಲ್ಲಿ ಅದರ ಬದಲು ಒಂದು ಗುಂಡಿಯಿದೆ.) ಕಲಿಕಾ ಪರವಾನಗಿಗೆ ಸರ್ಕಾರದ ಶುಲ್ಕ 150 ರೂಪಾಯಿ, ಪರೀಕ್ಷೆಗೆ 50. ಇಷ್ಟಾದರೆ ನಿಮ್ಮ ಹದಿನೆಂಟರ ಮಗನಿಗೂ ಮಗಳಿಗೂ ಈಗಿರುವ ವಿಮೆಯೇ ಸಾಕು. ಕಲಿಕಾ ಪರವಾನಗಿಯೂ ಪರವಾನಗಿಯೇ, ಆ ನೆಪದಲ್ಲಿ ಕಂಪನಿ ಜಾರಿಕೊಳ್ಳುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ, ಸ್ವರಣ್ ಸಿಂಗ್ ಪ್ರಕರಣದಲ್ಲಿ, ಹೇಳಿಯಾಗಿದೆ.

ಇಷ್ಟು ಸುಲಭವಾದುದನ್ನೂ ಮಾಡದೆ ಕೀಲಿ ಕೊಡುತ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ. "ಊರೊಳಗೆ ತಾನೆ ಸಾರ್, ಟ್ಯೂಷನ್ನಿಗೆ ಹೋಗಿ ಬರುತ್ತಾನೆ." "ಹದಿನಾರಕ್ಕೇ ನಮ್ಮವನ ಕೈ ಕೂತಿದೆ." ಈ ಎರಡನೆಯ ಮಾತನ್ನು ಹೇಳುವಾಗ ಮುಖದಲ್ಲಿ ಕಾಣುವ ಹೆಮ್ಮೆ, ಮಗ ತೊಂಬತ್ತೈದು ಅಂಕ ತೆಗೆದಾಗಲೂ ಕಂಡದ್ದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199-ಎ ಪ್ರಕರಣದಂತೆ, ಅಪ್ರಾಪ್ತನು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ, ಆತನಿಗೆ ಮೊದಲು ಜಾಮೀನು ಕೊಡುತ್ತ ವಿಧಿಸಿದ ಷರತ್ತುಗಳಲ್ಲಿ ರಸ್ತೆ ಅಪಘಾತಗಳ ಕುರಿತು ಮುನ್ನೂರು ಪದಗಳ ಪ್ರಬಂಧವೂ ಒಂದಾಗಿತ್ತು. ಜನ ಕೆರಳಿದ ಮೇಲೆ ಆ ಆದೇಶ ಬದಲಾಯಿತು. ಸೇವೆಯುದ್ದಕ್ಕೂ ಸಹೋದ್ಯೋಗಿಗಳು ಮಕ್ಕಳಿಂದ ಪ್ರಬಂಧ ಬರೆಸಿದ್ದನ್ನು ನೋಡಿದವನಾಗಿ ಹೇಳುತ್ತೇನೆ, ಪ್ರಬಂಧದಿಂದ ಕಾಗುಣಿತ ಸುಧಾರಿಸಿದ್ದೂ ಕಡಿಮೆಯೇ.

ಈಗ ನಿಮ್ಮ ಇಷ್ಟದಂತೆ ಲೆಕ್ಕಕ್ಕೆ ಬರೋಣ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟ ಗಾರೆ ಕೆಲಸಗಾರನೊಬ್ಬನಿಗೆ ನಿಮ್ಮ ಕಾರು ಬಡಿಯಿತೆಂದು ಭಾವಿಸಿ. ವಯಸ್ಸು 30, ತಿಂಗಳ ದುಡಿಮೆ 20,000, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸರ್ವೋಚ್ಚ ನ್ಯಾಯಾಲಯ 2009 ಮತ್ತು 2017ರ ತೀರ್ಪುಗಳಲ್ಲಿ ಪರಿಹಾರದ ವಿಧಾನವನ್ನು ಸ್ಪಷ್ಟಪಡಿಸಿದೆ. ವರ್ಷದ ಆದಾಯ 2,40,000. ನಲವತ್ತರೊಳಗಿನ ಸ್ವಂತ ದುಡಿಮೆಯವನ ಮುಂದಿನ ಏಳಿಗೆಗಾಗಿ ಶೇಕಡ 40 ಕೂಡಿಸಿದರೆ 3,36,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 2,52,000. ಮೂವತ್ತರ ವಯಸ್ಸಿಗೆ ಗುಣಕ 17. ಗುಣಿಸಿದರೆ 42,84,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬುಗಳೂ ಬಡ್ಡಿಯೂ ಬೇರೆ. ಪರವಾನಗಿ ಇದ್ದರೆ ಇದಷ್ಟನ್ನೂ ವಿಮಾ ಕಂಪನಿ ಭರಿಸುತ್ತದೆ, ಸಾವಿನ ಪರಿಹಾರಕ್ಕೆ ಆ ವಿಮೆಯಲ್ಲಿ ಮಿತಿಯೇ ಇಲ್ಲ. ಪರವಾನಗಿ ಇಲ್ಲದವನಿಗೆ ತಿಳಿದೂ ಕೀಲಿ ಕೊಟ್ಟಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಹೇಳುವುದು ಇಷ್ಟು: ಕಂಪನಿ ಮೊದಲು ಆ ಹೆಣ್ಣುಮಗಳಿಗೆ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ವಸೂಲಿಗೆ ಬಂದಾಗ ಹೋಗುವುದು ನಿಮ್ಮ ನಿವೇಶನ, ನಿಮ್ಮ ಅಪ್ಪ ಬಿಟ್ಟುಹೋದ ತೋಟ. ಇನ್ನೂರು ರೂಪಾಯಿಯ ಪರವಾನಗಿ ಮಾಡಿಸಲು ಪುರುಸೊತ್ತಿಲ್ಲದವರು ವಿಮೆಯಲ್ಲಿ ಐನೂರು ಉಳಿಸುವ ಉಪಾಯ ಕೇಳುತ್ತಾರೆ! ಹಣದ ಮಾತು ಹಾಗಿರಲಿ, ಆ ಗಾರೆ ಕೆಲಸಗಾರನ ಮಗಳು ಯಾವುದೋ ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಕುಳಿತಿರುತ್ತಾಳೆ. ಅಂಥ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ.

ಇನ್ನೊಂದು ಸಂಗತಿಯನ್ನು ಏಜೆಂಟರು ತಾವಾಗಿ ಹೇಳುವುದು ಅಪರೂಪ. ನಿಮ್ಮ ವಿಮೆಯಲ್ಲಿ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದಲ್ಲ, ಅದು ಕಾರು ಯಾರ ಹೆಸರಿನಲ್ಲಿದೆಯೋ ಆ ಮಾಲೀಕನಿಗೆ. ಅಪ್ಪನ ಕಾರು ಓಡಿಸುತ್ತ ಮಗ ತಾನೇ ಮರಕ್ಕೆ ಗುದ್ದಿಕೊಂಡರೆ ಅದು ಅವನಿಗೆ ಒದಗದು. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ಪಡೆದ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಮುಂದಿದ್ದ ಎತ್ತಿನಗಾಡಿಗೆ ಬಡಿದು ತೀರಿಕೊಂಡ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುತ್ತಿದ್ದ ಆಗಿನ 163-ಎ ಪ್ರಕರಣದ ಅಡಿಯಲ್ಲಿ ಅವನ ಮನೆಯವರ ಬೇಡಿಕೆ ನಿಲ್ಲದು ಎಂದು 2009ರಲ್ಲಿ ತೀರ್ಮಾನವಾಯಿತು. ಆದ್ದರಿಂದ ಕಲಿಯುವ ಮಗುವಿನ ಹೆಸರನ್ನೇ ನಮೂದಿಸಿ ಅಪಘಾತ ರಕ್ಷಣೆ ಸೇರಿಸಲು ಕೇಳಿ, ಇಲ್ಲವೆ ಅವನ ಹೆಸರಿನಲ್ಲಿ ಬೇರೆಯೇ ವೈಯಕ್ತಿಕ ಅಪಘಾತ ಪಾಲಿಸಿ ತೆಗೆದುಕೊಳ್ಳಿ. ಇದರಲ್ಲಿ ಮಾತ್ರ ಕಡಿಮೆ ಮಾಡಿಸಲು ಹೋಗಬೇಡಿ.

ಉಳಿಸಲೇಬೇಕೆಂದಿದ್ದರೆ ಉಳಿಸುವ ಜಾಗ ಬೇರೆ ಇದೆ. ಹೊಸ ಕಾರಿನಲ್ಲಿ ಕಲಿಸಬೇಡಿ. ಮನೆಯಲ್ಲಿ ಹತ್ತು ಹದಿನೈದು ವರ್ಷದ ಹಳೆಯ ಕಾರಿದ್ದು ಬ್ರೇಕು, ಟೈರು ಸರಿಯಾಗಿದ್ದರೆ ಅದಕ್ಕೆ ಸ್ವಂತ ಹಾನಿಯ ವಿಮೆಯನ್ನು ಕೈಬಿಟ್ಟು ಮೂರನೆಯ ವ್ಯಕ್ತಿಯ ವಿಮೆ ಒಂದನ್ನೇ ಇಟ್ಟುಕೊಂಡು ಕಲಿಸಬಹುದು, ಗೇಟಿಗೆ ತಾಗಿದರೆ ತಾಗಲಿ. ಹೊಸದಾದರೆ ಸಣ್ಣ ಗೀರುಗಳಿಗೆಲ್ಲ ಪರಿಹಾರ ಕೇಳಬೇಡಿ. ಪರಿಹಾರ ಕೇಳದ ವರ್ಷಗಳಿಗೆ ಶೇಕಡ 20ರಿಂದ ಮೇಲೇರಿ ಐದು ವರ್ಷಕ್ಕೆ 50ರವರೆಗೆ ಸಿಗುವ ರಿಯಾಯಿತಿ, ಎರಡು ಸಾವಿರದ ಬಂಪರ್ ರಿಪೇರಿಗಾಗಿ ಸೊನ್ನೆಗೆ ಇಳಿಯುತ್ತದೆ. ಸಾಲದ್ದಕ್ಕೆ ಪ್ರತಿ ಬೇಡಿಕೆಯಲ್ಲೂ ಮೊದಲ ಒಂದು ಸಾವಿರ, ದೊಡ್ಡ ಕಾರಾದರೆ ಎರಡು ಸಾವಿರ, ಹೇಗೂ ನಿಮ್ಮ ಕೈಯಿಂದಲೇ. ಆದರೆ ಕಂತು ತಗ್ಗಿಸಲೆಂದು ಕಾರಿನ ಬೆಲೆಯನ್ನೇ ಕಡಿಮೆ ಬರೆಸುವ ಚಾಳಿಯೊಂದಿದೆ, ಅದು ಬೇಡ. ಕಾರು ಕಳೆದುಹೋದ ದಿನ ಬರೆಸಿದಷ್ಟೇ ಬರುತ್ತದೆ.

ಕಲಿಕಾ ಪರವಾನಗಿಯ ಅವಧಿ ಆರು ತಿಂಗಳು. ಮೂವತ್ತು ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಕಾಲೇಜು, ಇಂಟರ್ನಲ್ಸು, ಹಬ್ಬ ಎಂದು ಮುಂದೂಡುತ್ತ ಅವಧಿ ಮೀರಿಸುವವರೇ ಹೆಚ್ಚು, ಅವಧಿ ಮೀರಿದ ಕಾಗದವನ್ನು ಪರವಾನಗಿ ಎನ್ನುವುದಿಲ್ಲ. ಕೊಟ್ಟ ದಿನವೇ ಮನೆಯ ಕ್ಯಾಲೆಂಡರಿನಲ್ಲಿ ಐದನೆಯ ತಿಂಗಳಿಗೆ ಗುರುತು ಹಾಕಿಡಿ. ಕಾರಿನ ಕೀಲಿಯನ್ನು ಅದರ ಪಕ್ಕದ ಮೊಳೆಗೆ ತೂಗುಹಾಕಬೇಡಿ, ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ.