ಶಬ್ದದ ವ್ಯಾಪಾರವೂ ಶ್ರಾವಕನ ತಕ್ಕಡಿಯೂ

ಸಂಜೆಯ ಹೊತ್ತು ಉಣಕಲ್ ಕೆರೆಯ ದಂಡೆಯಲ್ಲಿ ಕುಳಿತ ವಿದ್ಯಾರ್ಥಿಗಳನ್ನು ಕಂಡವರಿಗೆ ಒಂದು ಸಂಗತಿ ವಿಚಿತ್ರವೆನಿಸದೆ ಇರದು. ಎದುರಿಗೆ ನೀರಿದೆ, ಗಾಳಿಯಿದೆ, ಗೂಡಿಗೆ ಮರಳುವ ಹಕ್ಕಿಗಳ ಕಲರವವಿದೆ. ಆದರೆ ಅನೇಕರ ಕಿವಿಗಳು ಇಯರ್‌ಫೋನಿನಿಂದ ಮುಚ್ಚಿವೆ. ಪರೀಕ್ಷೆ, ಉದ್ಯೋಗದ ಸಂದರ್ಶನ, ಮನೆಯವರ ನಿರೀಕ್ಷೆ ಇವುಗಳಿಂದ ಬಳಲಿದ ತರುಣರಿಗೆ ಧ್ವನಿಮುದ್ರಿತ ಮಳೆಯನ್ನೂ ತೊರೆಯನ್ನೂ ಕೇಳಿಸಿ ಶಾಂತಿ ಒದಗಿಸುವುದು ಇಂದು ಜಗತ್ತಿನ ದೊಡ್ಡ ವ್ಯಾಪಾರಗಳಲ್ಲೊಂದು. ಹೆಡ್‌ಸ್ಪೇಸ್ 2010ರಲ್ಲಿ, ಕಾಮ್ 2012ರಲ್ಲಿ ಆರಂಭವಾದವು. ಅದೇ ಅಚ್ಚಿನಲ್ಲಿ ಣಮೋಕಾರ ಮಂತ್ರ, ಘಂಟಾನಾದ, ಸ್ತವನಗಳನ್ನು ತುಂಬಿ ಜೈನ ತರುಣರಿಗಾಗಿ ಒಂದು ಆ್ಯಪ್ ಸಿದ್ಧವಾಗಲಿ, ಟ್ರಸ್ಟುಗಳು ಅದಕ್ಕೆ ದ್ರವ್ಯಸಹಾಯ ಮಾಡಲಿ ಎಂಬ ಆಸೆ ಹುಟ್ಟುವುದು ಸಹಜ.

ಉದ್ದೇಶವೇನೋ ಒಳ್ಳೆಯದು. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ವ್ಯವಹಾರ ಶುದ್ಧವಾಗದೆಂಬುದನ್ನು ವ್ಯಾಪಾರಿ ಸಮಾಜಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ. ಹಣದ ಚೀಲವನ್ನು ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಆ್ಯಪ್ ತರುಣನಿಗೆ ತನ್ನನ್ನು ಬಿಟ್ಟು ಬಾಳುವುದನ್ನು ಕಲಿಸುತ್ತದೆಯೋ, ಅಥವಾ ಬಿಡಲಾರದಂತೆ ಕಟ್ಟಿಹಾಕುತ್ತದೆಯೋ?

ಶಬ್ದವೆಂದರೇನು ಎಂಬಲ್ಲಿಂದಲೇ ವಿಚಾರ ಆರಂಭವಾಗಲಿ. ನ್ಯಾಯ ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಜೈನ ದರ್ಶನ ಅದನ್ನು ಒಪ್ಪಲಿಲ್ಲ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಶಬ್ದವನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸುತ್ತದೆ. ಪುದ್ಗಲವಾದುದರಿಂದಲೇ ಅದು ಗೋಡೆಗೆ ತಾಗುತ್ತದೆ, ಕಿವಿಗೆ ಬಡಿಯುತ್ತದೆ, ಉಪಕಾರವನ್ನೂ ಅಪಕಾರವನ್ನೂ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ವಯಸ್ಕರು ಇಂಥ ಉಪಕರಣಗಳಿಂದ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆಯವರೆಗೆ ಮಾತ್ರ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಮಲಗಿದವನ ಕಿವಿಯಲ್ಲಿ ಇಡೀ ರಾತ್ರಿ ಮೊಳಗುತ್ತ, ತಾನಾಗಿ ನಿಲ್ಲುವ ವ್ಯವಸ್ಥೆಯೇ ಇಲ್ಲದ ‘ಶಾಂತಿ’ಯು ಅಹಿಂಸೆಯ ಹೆಸರಿಗೆ ಅರ್ಹವಲ್ಲ.

ಎರಡನೆಯದು ಸರಕಿನ ಪ್ರಾಮಾಣಿಕತೆ. 432 ಹರ್ಟ್ಸ್ ಕಂಪನವು ವಿಶ್ವದ ಕಂಪನ, ಅದನ್ನು ಕೇಳಿದರೆ ಚಿಂತೆ ಕರಗುತ್ತದೆ ಎಂಬ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಒಂದು ಕಿವಿಗೆ 200, ಇನ್ನೊಂದಕ್ಕೆ 210 ಹರ್ಟ್ಸ್ ನಾದ ಕೊಟ್ಟರೆ ಸೆಕೆಂಡಿಗೆ 10ರ ಮಿಡಿತವೊಂದು ಕೇಳಿಸಿದಂತಾಗುವುದು ನಿಜ. ಆದರೆ ಅದರಿಂದ ಮನೋವ್ಯಾಧಿ ಗುಣವಾಗುವುದೆಂಬುದು ಸಿದ್ಧವಾದ ಮಾತಲ್ಲ. ಸಿದ್ಧವಾಗದುದನ್ನು ಸಿದ್ಧೌಷಧವೆಂದು ಮಾರುವುದಕ್ಕೆ ಶಾಸ್ತ್ರದಲ್ಲಿ ಹೆಸರಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದಾದ ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿಯ ಹೆಸರಿನಲ್ಲಿ ನಕಲಿಯನ್ನು ಮಾರುವುದು. ತುಪ್ಪದಲ್ಲಿ ಕಲಬೆರಕೆ ಮಾಡಲಂಜುವ ಶ್ರಾವಕನು ನಾದದಲ್ಲಿ ಕಲಬೆರಕೆ ಮಾಡಬಹುದೇ?

ಈ ಮಾತಿಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಗುರುಕುಲ ಇದೇ ಉಣಕಲ್ಲಿನಲ್ಲಿದೆ. ಅಲ್ಲಿ ಗುರುವಿನ ಎದುರು ಕುಳಿತ ಶಿಷ್ಯನಿಗೆ ಮೊದಲು ದೊರೆಯುವುದು ಅವನ ಕಂಠಕ್ಕೆ ಹೊಂದುವ ಷಡ್ಜ. ಹಿಂದೂಸ್ತಾನಿ ಸಂಗೀತದಲ್ಲಿ ಷಡ್ಜಕ್ಕೆ ಗೊತ್ತಾದ ಹರ್ಟ್ಸ್ ಇಲ್ಲ, ಒಬ್ಬೊಬ್ಬರದು ಒಂದೊಂದು. ಗಂಗೂಬಾಯಿಯವರ ಗಂಭೀರ ಕಂಠವನ್ನು ಕೇಳಿದವರು ಇದನ್ನು ಬಲ್ಲರು. ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಎಲ್ಲರ ಕಿವಿಗೂ ಒಂದೇ ಮಾಯಾಕಂಪನವೆಂಬುದನ್ನು ಇಂಥ ನೆಲದಲ್ಲಿ ನಂಬುವುದು ಈ ನೆಲದ ವಿದ್ಯೆಗೆ ಮಾಡುವ ಅವಮಾನ.

ಮೂರನೆಯದು ಇನ್ನೂ ಗುರುತರವಾದುದು. ದುಃಖದಲ್ಲಿರುವ ತರುಣನು ಮಧ್ಯರಾತ್ರಿ ಆ್ಯಪ್ ತೆರೆದು ನಿದ್ರೆ ಬಾರದೆಂದು, ಭಯವೆಂದು ಗುರುತು ಹಾಕುತ್ತಾನೆ. ಆ ಗುಟ್ಟು ಯಾರ ಸ್ವತ್ತು? ಮನೋಪಚಾರದ ಸಲಹೆ ನೀಡುವ ಬೆಟರ್‌ಹೆಲ್ಪ್ ಎಂಬ ಕಂಪನಿಯು ಗ್ರಾಹಕರ ಇಂಥ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದವುಗಳಿಗೆ ಜಾಹೀರಾತಿಗಾಗಿ ಒದಗಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲವಾದರೂ 2023ರಲ್ಲಿ 78 ಲಕ್ಷ ಡಾಲರ್ ತೆರಲು ಸಮ್ಮತಿಸಿತು. ಭಾರತದ ಸಂಸತ್ತೂ ಅದೇ ವರ್ಷ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿದೆ. ಒಪ್ಪಿಗೆಯು ಸ್ವತಂತ್ರವೂ ಸ್ಪಷ್ಟವೂ ಆಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು ಎಂಬುದು ಅದರ ತತ್ತ್ವ. ಕಾಯಿದೆ ಹೇಳುವ ಮೊದಲೇ ಜಿನಧರ್ಮ ಹೇಳಿದ ಮಾತಿದು: ಕೊಡದುದನ್ನು ಕೊಳ್ಳುವುದೇ ಅದತ್ತಾದಾನ, ಅದೇ ಕಳವು.

ಕಾಲಹರಣವೂ ಕಳವೇ. ಬಳಕೆದಾರನು ಎಷ್ಟು ಹೊತ್ತು ಉಳಿದನೆಂಬುದೇ ಇಂದಿನ ಅನೇಕ ಆ್ಯಪ್‌ಗಳ ಲಾಭದ ಅಳತೆ. ಎಡೆಬಿಡದೆ ಬಂದ ದಿನಗಳನ್ನು ಎಣಿಸುವುದು, ಒಂದು ದಿನ ತಪ್ಪಿದರೆ ನಷ್ಟವಾಯಿತೆಂದು ನೆನಪಿಸುವುದು ಅದರ ಉಪಾಯಗಳು. ಒತ್ತಡವನ್ನು ಇಳಿಸಬೇಕಾದ ಸಾಧನವೇ ಹೊಸದೊಂದು ಒತ್ತಡವನ್ನು ಹೇರುತ್ತದೆ. ಇದಕ್ಕೆದುರಾಗಿ ಪರಂಪರೆಯ ಲೆಕ್ಕವನ್ನು ನೋಡಬೇಕು. ಒಂಬತ್ತು ಣಮೋಕಾರಗಳ ಕಾಯೋತ್ಸರ್ಗಕ್ಕೆ 27 ಉಸಿರು. ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡಿದರೆ ನಾಲ್ಕೂವರೆ ನಿಮಿಷದಲ್ಲಿ ಮುಗಿಯಿತು. ಅದಕ್ಕೆ ಚಂದಾ ಇಲ್ಲ, ಬ್ಯಾಟರಿ ಬೇಡ. ಮುಗಿದ ಮೇಲೆ ಎದ್ದು ಕೆಲಸಕ್ಕೆ ಹೋಗಬೇಕು, ಅಷ್ಟೇ.

ಇದನ್ನು ವಿರೋಧಿಸುವವರ ವಾದವನ್ನೂ ನ್ಯಾಯವಾಗಿ ತೂಗಬೇಕು. ವೈದ್ಯರ ಬಳಿಗೆ ಹೋಗಲು ನಾಚುವ ಹುಡುಗ, ಹಿರಿಯರಿಗೆ ಹೇಳಲು ಅಂಜುವ ಹುಡುಗಿ ಮೊದಲು ಕೈಗೆತ್ತಿಕೊಳ್ಳುವುದು ಫೋನನ್ನೇ. ಅಲ್ಲಿಯೇ ಅವರನ್ನು ಎದುರುಗೊಳ್ಳುವುದು ಕರುಣೆಯಲ್ಲವೇ ಎನ್ನುತ್ತಾರೆ. ಈ ಮಾತು ಸತ್ಯ. ಆದುದರಿಂದ ಆ್ಯಪ್ ಬೇಡವೆಂಬುದು ಇಲ್ಲಿನ ವಾದವಲ್ಲ. ಬಾಗಿಲಾಗಬೇಕಾದುದು ಬಂದೀಖಾನೆಯಾಗಬಾರದೆಂಬುದೇ ವಾದ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ದೊರೆಯುತ್ತದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯಿದೆ. ಬದುಕೇ ಬೇಡವೆನ್ನುವವನ ಕಿವಿಗೆ ಮಳೆಯ ಸದ್ದು ಕೇಳಿಸಿ ಸುಮ್ಮನಾಗುವ ಆ್ಯಪ್ ಕರುಣೆಯುಳ್ಳದ್ದಲ್ಲ. ಆ ಬಾಗಿಲುಗಳನ್ನು ಒಡನೆಯೇ ತೋರಿಸುವುದು ಕರುಣೆಯುಳ್ಳದ್ದು.

ಟ್ರಸ್ಟುಗಳೂ ಮನೆತನಗಳೂ ತಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಲಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಉತ್ಸವದ ದಿನ ಓದುವ ಮಕ್ಕಳ ಕಿಟಕಿಗೆ ಧ್ವನಿವರ್ಧಕ ತಿರುಗಿಸಿ, ಮರುದಿನ ಅವರ ಶಾಂತಿಗೆ ದೇಣಿಗೆ ಕೊಡುವುದರಲ್ಲಿ ಅರ್ಥವೇನು? ಮನೆಯ ಊಟದ ಹೊತ್ತಿನಲ್ಲಿ ನೆರೆಯವರ ಮಗನ ಅಂಕಗಳದ್ದೇ ಮಾತಾದರೆ, ಮಗನ ಮನಸ್ಸಿನಲ್ಲಿ ಬೆಳೆಯುವುದು ಆರ್ತಧ್ಯಾನವೇ. ತಂದೆ ಹಚ್ಚಿದ ಬೆಂಕಿಯನ್ನು ಆ್ಯಪ್ ಆರಿಸಲಾರದು.

ಆದುದರಿಂದ ಬಸದಿಯಾಗಲಿ ದೇರಾಸರವಾಗಲಿ, ಯಾವ ಟ್ರಸ್ಟೇ ಆಗಲಿ ಇಂಥ ಕಾರ್ಯಕ್ಕೆ ಹಣ ಕೊಡುವುದಾದರೆ ಕರಾರನ್ನು ಮೊದಲೇ ಬರೆಸಿಕೊಳ್ಳಲಿ. ಹೆಸರು ಕೇಳಬಾರದು, ಹೇಳಿದ ಗುಟ್ಟು ಫೋನಿನಿಂದ ಹೊರಗೆ ಹೋಗಬಾರದು. ಧ್ವನಿ ಮಿತಿ ಮೀರಿ ಏರಬಾರದು, ಹೊತ್ತಾದೊಡನೆ ತಾನಾಗಿ ನಿಲ್ಲಬೇಕು. ಗುಣವಾಗುವುದೆಂಬ ಸುಳ್ಳು ಭರವಸೆ ಇರಬಾರದು. ವಾರದಿಂದ ವಾರಕ್ಕೆ ಶಬ್ದ ಕಡಿಮೆಯಾಗುತ್ತ, ಮೌನ ಹೆಚ್ಚುತ್ತ ಹೋಗಬೇಕು. ಮತ್ತು ವರ್ಷಾಂತ್ಯದ ವರದಿಯಲ್ಲಿ ಎಷ್ಟು ಜನ ಉಳಿದರೆಂಬುದನ್ನಲ್ಲ, ಎಷ್ಟು ಜನ ಇನ್ನು ಬೇಕಿಲ್ಲವೆಂದು ಬಿಟ್ಟು ಹೋದರೆಂಬುದನ್ನು ಲಾಭದ ಕಡೆಗೆ ಬರೆಯಬೇಕು. ಇಂಥ ಖಾತೆಯನ್ನು ಬರೆಯಲು ಒಪ್ಪದವರಿಗೆ ಧರ್ಮದ ದುಡ್ಡು ಸಲ್ಲದು. ಒಪ್ಪುವವರು ಬಂದರೆ, ಉಣಕಲ್ ಕೆರೆಯ ದಂಡೆಯಲ್ಲಿ ಕುಳಿತ ತರುಣನು ಒಂದು ಸಂಜೆ ಇಯರ್‌ಫೋನ್ ತೆಗೆದು ಜೇಬಿನಲ್ಲಿಟ್ಟು, ಎದುರಿನ ಹಕ್ಕಿಯ ದನಿಗೆ ಕಿವಿಗೊಟ್ಟಾನು.